ರೋಗ ನಿರೋಧಕ ಅಂದ್ರ ಯಾವ ರೋಗ?

ನಮ್ಮೂರು ಕಡಗಂಚಿ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ, ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಊರು ಅಂದರೆ ಈಗ ಎಲ್ಲರಿಗೂ ಗುರುತು ಸಿಗುತ್ತದೆ. ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕೂ ಮುಂಚೆ ಊರ ಹೆಸರು ಹೇಳಿದರೆ "ಅದು ಎಲ್ಲಿ ಬರ್ತದರಿ?" ಅಂತ ಕೇಳುತ್ತಿದ್ದರು. ಇದೇ ಆಳಂದ ರಸ್ತೆಯಲ್ಲಿ, ಕಲಬುರಗಿ ಹತ್ತಿರ ಬಂದಾಗ ಕೃಷಿ ಸಂಶೋಧನಾ ಕೇಂದ್ರ ಇದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಈ ಬೋರ್ಡುಗಳನ್ನೆಲ್ಲ ದಿನಾ ಓದುತ್ತಿದ್ದೆ. ಒಳಗೆ ಕಾಲಿಟ್ಟದ್ದು ಮಾತ್ರ ನಮ್ಮ ಕಾಕಾ ದವಾಖಾನೆ ಸೇರಿ ಬಂದ ಮೇಲೆ.

ಆ ಕಥೆ ಹೇಳಬೇಕು. ಅದರಲ್ಲಿ ತಪ್ಪು ನನ್ನದು, ಹಾಗಾಗಿ ನಾನೇ ಹೇಳಬೇಕು.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಪೇಪರಿನಲ್ಲಿ ದೊಡ್ಡ ಸುದ್ದಿ. ಮೂರು ವರ್ಷ ಆಗಿತ್ತೋ ಇಲ್ಲವೋ, 2022ರ ಹಂಗಾಮಿನಲ್ಲಿ ಅದೇ ತೊಗರಿಗೆ ನೆಟೆ ರೋಗ ಬಿತ್ತು. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂ ಉದುರಿ ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದವು. ಜಿಲ್ಲೆಯ ರೈತರು ಬೀದಿಗಿಳಿದರು, ಸರ್ಕಾರ ಪರಿಹಾರ ಘೋಷಿಸಿತು. ನಮ್ಮ ಹೊಲದಲ್ಲಿ ಅಪ್ಪ ಒಂದು ಗಿಡ ಕಿತ್ತು ಬುಡದ ತೊಗಟೆ ಸುಲಿದು ತೋರಿಸಿದರು. ಒಳಗೆ ಉದ್ದಕ್ಕೂ ಕಪ್ಪು ಗೆರೆ. ನೀರು ಮೇಲೇರುವ ನಾಳಗಳೇ ಕಟ್ಟಿಕೊಂಡಿದ್ದವು. ಮಳೆ ಹೆಚ್ಚಾಗಿದ್ದ ವರ್ಷ ಅದು. ಕಾಲಡಿ ಹಸಿ ಇದ್ದೂ ಗಿಡ ನೀರಡಿಸಿ ಸತ್ತಿತ್ತು.

ನಾನಾಗ ಪತ್ರಿಕೋದ್ಯಮ ಓದುತ್ತಿದ್ದೆ. ಮುಂದೆ 2024ರ ಬೇಸಿಗೆಯಲ್ಲಿ, ನಮ್ಮ ಭಾಗದ ರೈತರಿಗೆ ಉಪಯೋಗ ಆಗುವಂಥದ್ದು ಬರೆಯಬೇಕು ಅಂತ ಕುಳಿತಾಗ ನೆಟೆ ರೋಗವೇ ತಲೆಯಲ್ಲಿತ್ತು. ಓದುತ್ತಾ ಹೋದಾಗ ಮಾರುತಿ ತಳಿಯ ಕಥೆ ಸಿಕ್ಕಿತು. ವಯಸ್ಸಾದವರಿಗೆ ಈ ಹೆಸರು ನೆನಪಿರುತ್ತದೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಅಂತ ಸಂಶೋಧನಾ ಸಂಸ್ಥೆ ಇದೆ. ಒಣಭೂಮಿಯ ಬೆಳೆಗಳ ಮೇಲೆ ಕೆಲಸ ಮಾಡುತ್ತದೆ. ಅಲ್ಲಿನವರು ನೆಟೆ ರೋಗ ತಾಳುವ ಗಿಡಗಳನ್ನು ಆರಿಸಿ ಆರಿಸಿ ಒಂದು ತಳಿ ತೆಗೆದರು. ಐಸಿಪಿ 8863 ಅಂತ ಅದರ ನಂಬರು. 1986ರಲ್ಲಿ ಕರ್ನಾಟಕದಲ್ಲಿ ಮಾರುತಿ ಅನ್ನುವ ಹೆಸರಿನಿಂದ ಬಿಡುಗಡೆಯಾಯಿತು. 1990ರ ದಶಕ ಶುರುವಾಗಿ ಎರಡು ಮೂರು ವರ್ಷದೊಳಗೆ ಉತ್ತರ ಕರ್ನಾಟಕದ ತೊಗರಿ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಅದೇ ಇತ್ತು. ಒಂದು ಸಂಶೋಧನೆ ಇಷ್ಟು ಬೇಗ ರೈತರ ಕೂರಿಗೆಗೆ ಬಂದದ್ದು ಕಡಿಮೆ.

ಇದನ್ನೆಲ್ಲ ಸೇರಿಸಿ ನಾನೊಂದು ಲೇಖನ ಬರೆದೆ. ಚೆನ್ನಾಗಿಯೇ ಬರೆದಿದ್ದೆ, ಈಗಲೂ ಹಾಗೆ ಅನಿಸುತ್ತದೆ. ಅದರಲ್ಲಿ ಒಂದು ವಾಕ್ಯ: "ಮಾರುತಿ ರೋಗ ನಿರೋಧಕ ತಳಿಯಾಗಿದ್ದು, ಇಂದಿಗೂ ರೈತರು ಬಳಸಬಹುದು." ಯಾವ ರೋಗ ಅಂತ ಬರೆದಿರಲಿಲ್ಲ. ಇಡೀ ಲೇಖನ ನೆಟೆ ರೋಗದ ಮೇಲೆ ಇದ್ದುದರಿಂದ ಬೇರೆ ಹೇಳಬೇಕು ಅಂತ ಹೊಳೆಯಲೂ ಇಲ್ಲ. "ಇಂದಿಗೂ ಬಳಸಬಹುದು" ಅನ್ನುವ ಮಾತಂತೂ ಯಾರೂ ನನಗೆ ಹೇಳಿದ್ದಲ್ಲ. ವಾಕ್ಯ ಪೂರ್ತಿ ಆಗಲಿ ಅಂತ ನಾನೇ ಸೇರಿಸಿದ್ದು. ಬರೆದದ್ದನ್ನು ಮನೆಯವರ ಗ್ರೂಪಿಗೂ ಊರಿನ ಗ್ರೂಪಿಗೂ ಹಾಕಿದೆ. ಕೈ ಮುಗಿಯುವ ಗುರುತು, ಚಪ್ಪಾಳೆ ಗುರುತು ಬಹಳ ಬಂದವು.

ಚಪ್ಪಾಳೆ ಹೊಡೆಯದೆ ಸುಮ್ಮನೆ ಓದಿದವರು ಕಾಕಾ. ನಮ್ಮ ಅಪ್ಪನ ತಮ್ಮ. ಏಳನೇ ಇಯತ್ತೆ ಓದಿದ್ದಾರೆ, ಆದರೆ ಅಣ್ಣನ ಮಗಳು ಬರೆದದ್ದು ಅಂತ ಎರಡು ಸಲ ಓದಿದರಂತೆ. ಅಫಜಲಪುರ ಕಡೆ ನಮ್ಮ ಬೀಗರೊಬ್ಬರು ಹಳೆ ಬೀಜ ಉಳಿಸಿಕೊಂಡು ಬರುತ್ತಾರೆ. ಅವರ ಹತ್ತಿರ ಹೋಗಿ ಮಾರುತಿ ತಂದು ಜೂನ್‌ನಲ್ಲಿ ನಾಲ್ಕು ಎಕರೆ ಬಿತ್ತಿದರು. ನನಗೆ ಗೊತ್ತಾದದ್ದು ಮೊಳಕೆ ಬಂದ ಮೇಲೆ. ನಿಜ ಹೇಳಬೇಕೆಂದರೆ ಅವತ್ತು ಹೆಮ್ಮೆಯೇ ಆಗಿತ್ತು.

ಆ ವರ್ಷ ಕಾಕಾ ಇನ್ನೊಂದು ಹೊಸದು ಮಾಡಿದ್ದರು. ತೊಗರಿ ಬಿತ್ತಿ 45-50 ದಿನಕ್ಕೆ ಕುಡಿ ಚಿವುಟಿದರೆ ಪಕ್ಕದಿಂದ ಟೊಂಗೆ ಹೆಚ್ಚು ಒಡೆದು ಕಾಯಿ ಹೆಚ್ಚಾಗುತ್ತದೆ. ಇದನ್ನು ಹೆಂಗಸರು ಕೈಯಿಂದ ಮಾಡುತ್ತಿದ್ದರು. ಅವ್ವನ ಹೆಬ್ಬೆರಳಿನ ಉಗುರು ಆ ದಿನಗಳಲ್ಲಿ ಕರ್ರಗಾಗಿರುತ್ತಿತ್ತು. ಈಗ ಅದಕ್ಕೊಂದು ಯಂತ್ರ ಬಂದಿದೆ. ಉದ್ದ ಕೋಲಿನ ತುದಿಗೆ ತಿರುಗುವ ಬ್ಲೇಡು, ಬೆನ್ನಿಗೆ ಬ್ಯಾಟರಿ. ಎಂಟು ಆಳಿನ ಕೆಲಸ ಒಬ್ಬರೇ ನಡೆದುಕೊಂಡು ಹೋಗುತ್ತಾ ಮುಗಿಸಬಹುದು. (ಎಂಟು ಆಳಿನ ಕೂಲಿ ಎಲ್ಲಿಗೆ ಹೋಯಿತು ಅಂತ ಅವ್ವ ಕೇಳುತ್ತಾಳೆ. ಅದು ಇನ್ನೊಂದು ದಿನ ಬರೆಯಬೇಕಾದ ಕಥೆ.) ಕಾಕಾ ಬಾಡಿಗೆಗೆ ತಂದು ನಾಲ್ಕೂ ಎಕರೆ ಕುಡಿ ಹೊಡೆದರು.

ಸೆಪ್ಟೆಂಬರ್ ಹೊತ್ತಿಗೆ ಅವರ ಹೊಲ ನೋಡಿದವರೆಲ್ಲ ನಿಂತು ನೋಡಿಯೇ ಹೋಗುತ್ತಿದ್ದರು. ಪೊದೆ ಪೊದೆಯಾಗಿ ಒಡೆದ ಗಿಡ. "ಏನ್ ಹಸರ್ ಅದನೋ ಮಾರಾಯ!" ಅಂತ ಬದುವಿನ ಮೇಲೆ ನಿಂತವರು ಹೇಳುತ್ತಿದ್ದರು. ಎಲೆ ಸ್ವಲ್ಪ ಸಣ್ಣದಾಗಿದ್ದವು, ಅಲ್ಲಲ್ಲಿ ತಿಳಿ ಹಳದಿ ಮಚ್ಚೆ. ಕುಡಿ ಹೊಡೆದದ್ದಕ್ಕೆ ಹಾಗಾಗಿದೆ, ಟೊಂಗೆ ಜಾಸ್ತಿ ಆದಾಗ ಎಲೆ ಸಣ್ಣ ಆಗುವುದು ಸಹಜ ಅಂತ ಕಾಕಾ ತಿಳಿದರು. ನಾನೂ ಹಾಗೇ ತಿಳಿದೆ. ಒಂದು ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಅಕ್ಕಪಕ್ಕದ ಹೊಲ ಹಳದಿ ಹೂವಿನಿಂದ ತುಂಬಿದವು. ಕಾಕಾನ ಹೊಲ ಹಸಿರಾಗಿಯೇ ಇತ್ತು.

"ಹೂ ಯಾಕ ಬರವಲ್ಲದು?" ಅಂತ ಕಾಕಾ ಕೇಳಲು ಶುರು ಮಾಡಿದ್ದು ದೀಪಾವಳಿ ಆದ ಮೇಲೆ. ನನ್ನನ್ನು ಕೇಳಿದರು, ನನಗೆ ಗೊತ್ತಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿದರು. ಒಂದು ಬಾಟಲಿ ಕೊಟ್ಟರು. ಅದು ಕೆಲಸ ಮಾಡಲಿಲ್ಲ. ಎರಡನೇ ಸಲ ಎರಡು ಬಾಟಲಿ ಕೂಡಿಸಿ ಹೊಡೆಯಲು ಹೇಳಿದರು. ಮೂರನೇ ಸಲ ಕಾಕಾ ಹೇಳಿದ್ದಕ್ಕಿಂತ ಹೆಚ್ಚು ಹಾಕಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ, ಎದುರುಗಾಳಿಗೆ, ಮುಖಕ್ಕೆ ಟವಲ್ ಕೂಡ ಕಟ್ಟದೆ ಹೊಡೆದರು. ಹೆದರಿದ ಮನುಷ್ಯ ಹಾಗೆ ಮಾಡುತ್ತಾನೆ. ಸಂಜೆ ಮನೆಗೆ ಬಂದಾಗ ಮೈ ಬೆವರು, ಬಾಯಿಂದ ಜೊಲ್ಲು, ವಾಂತಿ. ಕಣ್ಣು ಮಂಜು ಅಂದರು. ಕಲಬುರಗಿಗೆ ಕರೆದುಕೊಂಡು ಹೋದೆವು.

ದವಾಖಾನೆಯಲ್ಲಿ ಡಾಕ್ಟರು ಬ್ಯಾಟರಿ ಹಾಕಿ ಕಣ್ಣು ನೋಡಿದರು. ಪಾಪೆ ಸೂಜಿಯ ತುದಿಯಷ್ಟು ಸಣ್ಣ ಆಗಿತ್ತು. ಆಮೇಲೆ ಅವರು ಕೇಳಿದ ಮೊದಲ ಮಾತು: "ಬಾಟ್ಲಿ ತಂದೀರೇನು?"

ತಂದಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ಚಿಕಿತ್ಸೆ ಅವರು ಆಗಲೇ ಶುರು ಮಾಡಿದರು, ಆದರೆ ಯಾವ ವಿಷ ಅಂತ ಖಚಿತ ಆಗಬೇಕಿತ್ತು. ಕಾಕಾನ ಮಗ ರಾತ್ರಿ ಬೈಕಿನ ಮೇಲೆ ವಾಪಸ್ ಹೊಲಕ್ಕೆ ಹೋಗಿ, ಮೊಬೈಲ್ ಬೆಳಕಿನಲ್ಲಿ ಬದುವಿನಲ್ಲಿ ಹುಡುಕಿ ಎರಡೂ ಬಾಟಲಿ ತಂದ. ಇದನ್ನು ಓದುವವರು ಬೇರೆ ಏನು ಮರೆತರೂ ಇದೊಂದು ನೆನಪಿಡಿ. ಕೀಟನಾಶಕದ ಬಾಟಲಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕದ ಒಳಗೆ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಎಲ್ಲಕ್ಕಿಂತ ಕಡು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ವಿಷವೇ. ಬಾಟಲಿ ಜೊತೆ ಮಡಚಿಟ್ಟ ಚೀಟಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ವಿಷ ಏರಿದರೆ ಏನು ಮದ್ದು ಅಂತ ಬರೆದಿರುತ್ತಾರೆ. ಆ ಚೀಟಿ ಡಾಕ್ಟರಿಗೆ ಬೇಕು. ಕಾಕಾ ಹೊಡೆದದ್ದರಲ್ಲಿ ಒಂದು ಆರ್ಗನೋಫಾಸ್ಫೇಟ್ ಗುಂಪಿನ ವಿಷ. ಅದಕ್ಕೆ ಅಟ್ರೋಪಿನ್ ಕೊಡುತ್ತಾರೆ. ಕೊಟ್ಟರು. ಐದು ದಿನಕ್ಕೆ ಕಾಕಾ ಮನೆಗೆ ಬಂದರು.

ಆ ಐದು ದಿನದಲ್ಲಿ ಒಂದು ಸಂಜೆ ಕಾಕಿ ನನ್ನ ಪಕ್ಕ ಕುಳಿತು ಹೇಳಿದಳು, "ನೀ ಬರ್ದಿದ್ದು ಓದಿ ಬಿತ್ಯಾರ ಯವ್ವಾ. ನಿನ್ನ ಮ್ಯಾಲ ಭಾಳ ನಂಬಿಗಿ ಅವರಿಗಿ." ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರ ಆಗುತ್ತಿತ್ತು.

ಕಾಕಾ ಓಡಾಡುವಂತಾದ ಮೇಲೆ ಇಬ್ಬರೂ ಸೇರಿ ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದೆವು. ಚೀಲದಲ್ಲಿ ಎರಡು ಗಿಡ ಕಿತ್ತುಕೊಂಡು ಹೋಗಿದ್ದೆವು. ಅಲ್ಲಿನ ವಿಜ್ಞಾನಿಯೊಬ್ಬರು ಎಲೆ ತಿರುಗಿಸಿ ನೋಡಿ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. "ಗೊಡ್ಡು ರೋಗರೀ ಇದು. ಯಾವ ತಳಿ?"

"ಮಾರುತಿರೀ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದನ್ನು ನಾನು ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈ ಕೆಲಸವನ್ನು ಆರು ತಿಂಗಳು ಮೊದಲೇ ಮಾಡಬೇಕಿತ್ತು.

ನೆಟೆ ರೋಗ ಬೇರೆ, ಗೊಡ್ಡು ರೋಗ ಬೇರೆ. ನೆಟೆ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಶಿಲೀಂಧ್ರ. ಫ್ಯುಸೇರಿಯಂ ಉಡಮ್ ಅಂತ ಹೆಸರು. ಬೇರಿನಿಂದ ಒಳಗೆ ಹೋಗುತ್ತದೆ. ಬೆಳೆ ಕೊಯ್ದ ಮೇಲೂ ಹೊಲದಲ್ಲಿ ಉಳಿದ ಕೊಯ್ಲಿ, ಬೇರಿನ ತುಂಡುಗಳಲ್ಲಿ ಮೂರು ವರ್ಷದ ತನಕ ಬದುಕಿರುತ್ತದೆ. ಅದಕ್ಕೇ ತೊಗರಿ ಮೇಲೆ ತೊಗರಿ ಬಿತ್ತಿದರೆ ಅದು ಹೆಚ್ಚುತ್ತದೆ, ನಡುವೆ ಜೋಳ ಹಾಕಿದರೆ ಕಡಿಮೆ ಆಗುತ್ತದೆ. ಗೊಡ್ಡು ರೋಗ ಮಣ್ಣಿನಿಂದ ಬರುವುದಲ್ಲ, ಬೀಜದಿಂದಲೂ ಬರುವುದಲ್ಲ. ಅದೊಂದು ವೈರಸ್. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ನುಸಿಗೆ ರೆಕ್ಕೆ ಇಲ್ಲ, ಗಾಳಿಯಲ್ಲಿ ತೇಲಿ ಬರುತ್ತದೆ. ಬಿತ್ತಿದ ಒಂದೂವರೆ ತಿಂಗಳ ಒಳಗೆ ತಗುಲಿದರೆ ಗಿಡ ಹೂವನ್ನೇ ಬಿಡುವುದಿಲ್ಲ. ಸಾಯುವುದೂ ಇಲ್ಲ, ಹಸಿರಾಗಿ ನಿಂತೇ ಇರುತ್ತದೆ. ಇದಕ್ಕೆ ಹಸಿರು ಪ್ಲೇಗ್ ಅಂತಲೂ ಕರೆಯುತ್ತಾರಂತೆ.

ಮಾರುತಿ ತಾಳುವುದು ನೆಟೆ ರೋಗವನ್ನು. ಗೊಡ್ಡು ರೋಗ ಅದಕ್ಕೆ ಬಹಳ ಬೇಗ ತಗುಲುತ್ತದೆ. ಎಷ್ಟು ಬೇಗ ಅಂದರೆ, ಹೊಸ ತಳಿಗಳನ್ನು ಗೊಡ್ಡು ರೋಗಕ್ಕೆ ಪರೀಕ್ಷೆ ಮಾಡುವಾಗ ಸಂಶೋಧಕರು ಮಾರುತಿಯನ್ನೇ ಬೇಕಂತಲೇ ಪಕ್ಕದ ಸಾಲಿನಲ್ಲಿ ಹಾಕುತ್ತಾರೆ. ರೋಗ ಸರಿಯಾಗಿ ಹರಡಿದೆಯೋ ಇಲ್ಲವೋ ಅಂತ ಅದನ್ನು ನೋಡಿ ತಿಳಿಯುತ್ತಾರೆ. ನಾನು "ರೋಗ ನಿರೋಧಕ" ಅಂತ ಬರೆದ ತಳಿ, ಅವರ ಲೆಕ್ಕದಲ್ಲಿ ರೋಗ ಹಿಡಿಯುವ ತಳಿ.

ನಮ್ಮೂರ ಆಶಾ ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. "ಟಿಟಿ ಸೂಜಿ ಹಾಕ್ಸಿಕೊಂಡ್ರ ಮಲೇರಿಯಾ ಬರಂಗಿಲ್ಲ ಅಂತ ಯಾರರ ಬರೀತಾರೇನೇ ತಂಗಿ?" ಅಂದಳು. ನಾನು ಬರೆದದ್ದು ಅಂಥದ್ದೇ.

ಅವತ್ತು ಆ ಕೇಂದ್ರದಲ್ಲಿ ಕೇಳಿದ ಎರಡು ವಿಷಯ ನನ್ನ ತಲೆಯಿಂದ ಹೋಗಿಲ್ಲ. ಒಂದು, ರೋಗದ ಹೊಲ. ನಾವು ಹೊಲದಲ್ಲಿ ರೋಗ ಹೋಗಲಿ ಅಂತ ದೇವರಿಗೆ ಹರಕೆ ಹೊರುತ್ತೇವೆ. ಇವರು ಒಂದು ತಾಕಿನಲ್ಲಿ ರೋಗ ಹೋಗದ ಹಾಗೆ ನೋಡಿಕೊಳ್ಳುತ್ತಾರೆ. ನೆಟೆ ಹೋದ ಗಿಡಗಳನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸಿ, ವರ್ಷ ವರ್ಷ ಅಲ್ಲಿ ತೊಗರಿಯನ್ನೇ ಹಾಕುತ್ತಾರೆ. ಆ ಮಣ್ಣಿನಲ್ಲಿ ಬದುಕಿ ಕಾಯಿ ಕಟ್ಟಿದ ಗಿಡ ಮಾತ್ರ ಮುಂದಿನ ಪರೀಕ್ಷೆಗೆ ಹೋಗುತ್ತದೆ. ಕಾಕಾ ಕೇಳಿ ಹೇಳಿದರು, "ಹಂಗಾರ ನಮ್ಮ ಹೊಲಾನೂ ನಿಮ್ಮ ಸಂಶೋಧನಾ ಹೊಲಾನೇ ಆತಲ್ರಿ. ನಾವೂ ಹದಿನೈದು ವರ್ಷದಿಂದ ತೊಗರಿ ಮ್ಯಾಲ ತೊಗರಿನೇ ಹಾಕ್ಲಿಕತ್ತೀವಿ." ವಿಜ್ಞಾನಿ ಜೋರಾಗಿ ನಕ್ಕರು. ನಕ್ಕಾದ ಮೇಲೆ ಇಬ್ಬರೂ ಸುಮ್ಮನಾದರು.

ಎರಡನೆಯದು, ಸ್ಟೇಪ್ಲರ್. ಆಫೀಸಿನಲ್ಲಿ ಕಾಗದಕ್ಕೆ ಪಿನ್ನು ಹೊಡೆಯುವುದೇ. ಗೊಡ್ಡು ರೋಗದ ಪರೀಕ್ಷೆಗೆ ರೋಗ ಬಂದ ಎಲೆಯ ಚೂರನ್ನು ಎಳೆಯ ಸಸಿಯ ಎಲೆಗೆ ಇಟ್ಟು ಸ್ಟೇಪ್ಲರ್ ಹೊಡೆಯುತ್ತಾರೆ. ಎಲೆ ಒಣಗುತ್ತಾ ಬಂದಂತೆ ನುಸಿಗಳು ಹಸಿ ಎಲೆಗೆ ದಾಟುತ್ತವೆ. ಇದನ್ನು 1970ರ ದಶಕದಲ್ಲಿ ಇಕ್ರಿಸ್ಯಾಟ್‌ನ ವೈ. ಎಲ್. ನೇನೆ ಮತ್ತು ಅವರ ಜೊತೆಗಾರರು ರೂಢಿಗೆ ತಂದರು. ತಮಾಷೆ ಏನೆಂದರೆ, ಆಗ ಈ ರೋಗಕ್ಕೆ ಕಾರಣ ಏನು ಅಂತಲೇ ಖಚಿತವಾಗಿರಲಿಲ್ಲ. ರೋಗವನ್ನು ಮೊದಲು ಬಿಹಾರದ ಪೂಸಾದಲ್ಲಿ ಗುರುತಿಸಿ ದಾಖಲಿಸಿದ್ದು 1931ರಲ್ಲಿ. ವೈರಸ್ಸನ್ನು ಹಿಡಿದು ತೋರಿಸಿದ್ದು 2000ದ ಸುಮಾರಿಗೆ. ನಡುವಿನ ಎಪ್ಪತ್ತು ವರ್ಷ ಕಾಣದ ಶತ್ರುವಿನ ಜೊತೆ ಸ್ಟೇಪ್ಲರ್ ಹಿಡಿದುಕೊಂಡೇ ಕೆಲಸ ಮಾಡಿದ್ದಾರೆ, ರೋಗ ತಾಳುವ ತಳಿಯನ್ನೂ ಆರಿಸಿದ್ದಾರೆ. ಸಂಶೋಧನೆ ಅಂದರೆ ಬಿಳಿ ಕೋಟು, ಗಾಜಿನ ಕೊಳವೆ ಅಂತ ತಿಳಿದಿದ್ದ ನನಗೆ ಇದು ಬಹಳ ಹಿಡಿಸಿತು.

ಹೊರಡುವಾಗ ಕಾಕಾ ಒಂದು ಮಾತು ತೆಗೆದರು. 1997-98ರಲ್ಲಿ ಕಾಯಿಕೊರಕ ಹುಳ ಬಂದು ಕಲಬುರಗಿ, ಬೀದರ ಜಿಲ್ಲೆಯ ತೊಗರಿಯನ್ನು ಮುಗಿಸಿತ್ತು, ರೈತರ ಜೀವಗಳೇ ಹೋಗಿದ್ದವು. ಆಗ ನಮ್ಮ ಕಡೆ ಗಿಡದ ಬುಡಕ್ಕೆ ಅರಿವೆ ಹಾಸಿ, ಗಿಡ ಅಲ್ಲಾಡಿಸಿ ಹುಳ ಬೀಳಿಸುತ್ತಿದ್ದರು. ಯಾವ ಔಷಧಕ್ಕೂ ಸಾಯದ ಹುಳ ಅರಿವೆಗೆ ಬೀಳುತ್ತಿತ್ತು. "ಅದಕ್ಕ ನಿಮ್ಮೋರು ಏನಂದ್ರು?" ಅಂತ ಕಾಕಾ ಪರೀಕ್ಷೆ ಮಾಡುವವರ ಹಾಗೆ ಕೇಳಿದರು. ವಿಜ್ಞಾನಿಗೆ ಗೊತ್ತಿತ್ತು. ಇಕ್ರಿಸ್ಯಾಟ್‌ನವರು ಆ ಪದ್ಧತಿಯನ್ನು ಹೊಲದಲ್ಲಿ ಅಳೆದು ನೋಡಿ, ಹುಳಗಳಲ್ಲಿ ಬಹುಪಾಲು ಹಾಗೆಯೇ ಬೀಳುತ್ತವೆ ಅಂತ ದಾಖಲಿಸಿದ್ದಾರೆ. ಬಿದ್ದ ಹುಳಗಳಿಂದಲೇ ಹುಳ ಕೊಲ್ಲುವ ಎನ್‌ಪಿವಿ ದ್ರಾವಣ ತಯಾರಿಸುವುದನ್ನೂ ಹಳ್ಳಿಗಳಲ್ಲಿ ಕಲಿಸಿದರು. ಆ ಉತ್ತರ ಕೇಳಿ ಕಾಕಾನ ಮುಖ ಸಡಿಲ ಆಯಿತು. ವಿಷ ಹೊಡೆದು ಬಿದ್ದು ಎದ್ದ ಮೇಲೆ ಅವರು ಹಾಗೆ ಕುಳಿತು ಮಾತಾಡಿದ್ದು ಅದೇ ಮೊದಲು.

ಅವತ್ತು ಬಸ್ಸಿನಲ್ಲಿ ಬರುವಾಗ ಹಳೆ ಲೇಖನ ಅಳಿಸಿ ಬಿಡಲೇ ಅಂತ ಕೇಳಿದೆ. "ಅಳಸ್ಬ್ಯಾಡ. ಕೆಳಗ ಬರಿ, ತಪ್ಪಾಗ್ಯಾದ ಅಂತ," ಅಂದರು. ಬರೆದು ಎರಡೂ ಗ್ರೂಪಿಗೆ ಹಾಕಿದೆ. ಈ ಸಲ ಚಪ್ಪಾಳೆ ಬರಲಿಲ್ಲ. ಆದರೆ ಜೇವರ್ಗಿ ಕಡೆಯಿಂದ ಒಬ್ಬರು ಫೋನ್ ಮಾಡಿ, ತಮ್ಮ ಹೊಲದಲ್ಲೂ ಹಸಿರು ಗಿಡ ಹೂ ಬಿಟ್ಟಿಲ್ಲ, ಅದು ಇದೇನಾ ಅಂತ ಕೇಳಿದರು. ಎಲೆಯ ಫೋಟೋ ತರಿಸಿಕೊಂಡು, ನಾನು ಏನೂ ಹೇಳದೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡ ಒಯ್ಯಿರಿ ಅಂದೆ.

ನಾಲ್ಕು ಎಕರೆಗೆ ಕಾಕಾನಿಗೆ ಒಂದೂವರೆ ಚೀಲ ತೊಗರಿ ಬಂತು. ಹಸಿರು ಕಟ್ಟಿಗೆ ಮಾತ್ರ ಬಂಡಿಗಟ್ಟಲೆ.

ಈ ವರ್ಷದ ಬಿತ್ತನೆಗೆ ಬೀಜ ಆರಿಸುವಾಗ ಕಾಕಾ ಎರಡು ದಿನ ತಲೆ ಕೆಡಿಸಿಕೊಂಡರು. ಎರಡೂ ರೋಗ ತಾಳುವ ತಳಿ ಇವೆ. 1993ರಲ್ಲಿ ಬಂದ ಆಶಾ ಅಂಥದ್ದು. ಆದರೆ ಅದು ಮಾರುತಿಗಿಂತ ತಡವಾಗಿ ಮಾಗುತ್ತದೆ, ಕೊನೆಯಲ್ಲಿ ಭೂಮಿಯಲ್ಲಿ ಹಸಿ ಉಳಿಯಬೇಕು. ನಮ್ಮ ಎರಿ ಹೊಲ ಸಂಕ್ರಾಂತಿ ಹೊತ್ತಿಗೆ ಬಿರುಕು ಬಿಡುತ್ತದೆ. ಇನ್ನೊಂದು ತೊಡಕು, ಗೊಡ್ಡು ರೋಗದ ವೈರಸ್ಸಿನಲ್ಲೂ ಬೇರೆ ಬೇರೆ ಬಗೆ ಇವೆ. ಪಟಾನ್‌ಚೆರುವಿನಲ್ಲಿ ತಾಳಿದ ತಳಿ ಬೆಂಗಳೂರಿನಲ್ಲಿ ತಾಳದೆ ಹೋಗಬಹುದು. ಹಾಗಾಗಿ ಈಗ ಕಾಕಾ ಯಾರೇ ಬೀಜದ ಮಾತು ತೆಗೆದರೂ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ರೋಗ ತಾಳ್ತದ? ಎಲ್ಲಿ ನೋಡೀರಿ? ಬೀಜದ ಅಂಗಡಿಯವರಿಗೆ ಇವರು ಬಂದರೆ ಬೇಸರ. ಕೊನೆಗೆ ಸಂಶೋಧನಾ ಕೇಂದ್ರದವರನ್ನು ಕೇಳಿಯೇ ಬೀಜ ತಂದರು, ಎರಡು ಎಕರೆಗೆ ಮಾತ್ರ. ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿ, ನಡುನಡುವೆ ಜೋಳದ ಸಾಲು ಬಿಟ್ಟು ಬಿತ್ತಿದ್ದಾರೆ. ಉಳಿದ ಎರಡು ಎಕರೆಗೆ ಈ ವರ್ಷ ತೊಗರಿಯೇ ಇಲ್ಲ.

ಒಂದೇ ಒಂದು ಕೆಲಸ ಬಾಕಿ ಇದೆ. ಗೊಡ್ಡು ರೋಗದ ನುಸಿ ಬೇಸಿಗೆಯಲ್ಲಿ ಎಲ್ಲಿರುತ್ತದೆ ಅಂತ ಕೇಳಿದ್ದಕ್ಕೆ, ಹಿತ್ತಲಲ್ಲಿ, ಬದುವಿನಲ್ಲಿ ವರ್ಷಪೂರ್ತಿ ಬಿಟ್ಟ ತೊಗರಿ ಗಿಡಗಳಲ್ಲಿ ಅಂತ ವಿಜ್ಞಾನಿ ಹೇಳಿದ್ದರು. ಅಂಥ ಗಿಡ ಕಿತ್ತು ಹಾಕಬೇಕು. ನಮ್ಮ ಹಿತ್ತಲಲ್ಲಿ ಬಚ್ಚಲ ನೀರಿಗೆ ಬೆಳೆದ ದೊಡ್ಡ ತೊಗರಿ ಗಿಡವೊಂದಿದೆ. ಹಸಿ ಕಾಯಿ ಕುದಿಸಿ ಮೊಮ್ಮಕ್ಕಳಿಗೆ ಕೊಡಲು ಅವ್ವ ಮೂರು ವರ್ಷದಿಂದ ಸಾಕಿದ್ದಾಳೆ. ಕಾಕಾ ಕುಡುಗೋಲು ಹಿಡಿದು ಎರಡು ಸಲ ಬಂದರು. "ಕಾಯಿ ಬಿಡೋ ಗಿಡ ಕಡೀತೇನೋ? ಆ ಆಫೀಸಿನೋರಿಗೇ ಬಂದು ಕಡೀಲಿಕ್ಕ ಹೇಳು, ನಾನೂ ನೋಡ್ತೀನಿ," ಅಂದಳು ಅವ್ವ. ಎರಡನೇ ಸಲ ನಾನು ನಡುವೆ ಬಾಯಿ ಹಾಕಿ ನುಸಿಯ ಬಗ್ಗೆ ಹೇಳಲು ಹೋದೆ. "ನೀ ಹೇಳಬ್ಯಾಡವ್ವಾ," ಅಂದಳು.

ಗಿಡ ಇನ್ನೂ ನಿಂತಿದೆ. ಕಾಕಾ ಭಾನುವಾರ ಮತ್ತೆ ಬರುತ್ತಾರಂತೆ.